ತಡೆ ತೆಗೆಯಿರಿ ಎನ್ನುವ ನಿಮ್ಮ ಪುಟಕ್ಕೆ

ಆರೋಗ್ಯ ಇಲಾಖೆಯ ಜಾಲತಾಣದ ಹೊಣೆ ಹೊತ್ತಿರುವ ಅಧಿಕಾರಿಗಳಿಗೆ

ಮಾನ್ಯರೇ,

ನಿಮ್ಮ ಜಾಲತಾಣ ರೋಗಿಗಳ ಬೆನ್ನಿಗೆ ಗೂಢಚಾರರನ್ನು ಬಿಡುತ್ತಿದೆ. ಅವರನ್ನು ತಡೆಯುವ ಒಂದು ಸಾಧನವನ್ನು ನನ್ನ ಕಂಪ್ಯೂಟರಿಗೆ ಹಾಕಿಕೊಂಡರೆ, ‘ತಡೆ ತೆಗೆಯಿರಿ, ಇಲ್ಲವಾದರೆ ಸೇವೆ ಲಭ್ಯವಿಲ್ಲ’ ಎಂದು ಬಾಗಿಲು ಹಾಕಿಕೊಳ್ಳುತ್ತದೆ. ಮಾತ್ರೆ ಬೇಕಾದವರು ಮಾನ ಬಿಡಬೇಕು ಎಂಬುದು ಯಾವ ಸುತ್ತೋಲೆಯಲ್ಲಿದೆ ಎಂದು ದಯಮಾಡಿ ತಿಳಿಸುತ್ತೀರಾ?

ನಾನು ಬಾಣಾವರದಲ್ಲಿ ಜಾತಕ ನೋಡುವವನು. ಬೆಳಿಗ್ಗೆ ದೇವಸ್ಥಾನದ ಪೂಜೆ, ಆಮೇಲೆ ಮನೆಯ ಜಗಲಿಯಲ್ಲಿ ಕಂಪ್ಯೂಟರ್. ಕುಂಡಲಿ ಹಾಕುವುದೂ ಈಗ ಜಾಲತಾಣದಲ್ಲೇ. ಹಳ್ಳಿಯವರು ನಿಮ್ಮ ಪುಟದಲ್ಲಿ ಆಸ್ಪತ್ರೆಯ ದಿನ ಗೊತ್ತುಮಾಡಿಸಲೂ ನನ್ನಲ್ಲಿಗೇ ಬರುತ್ತಾರೆ. ನನ್ನದೊಂದು ಪದ್ಧತಿಯಿದೆ. ಗಂಡಿನ ಕಡೆಯವರೂ ಹೆಣ್ಣಿನ ಕಡೆಯವರೂ ಕೂತಾಗ ಪರದೆಯನ್ನು ಇಬ್ಬರಿಗೂ ಕಾಣುವಂತೆ ತಿರುಗಿಸುತ್ತೇನೆ. ಅಯ್ಯನೋರು ಒಂದು ದೋಷ ಮುಚ್ಚಿದರು, ಎರಡು ಗುಣ ಸೇರಿಸಿದರು ಎಂಬ ಮಾತು ಬರಬಾರದು ನೋಡಿ. ಆದರೆ ಜಾತಕ ನೋಡುವವನಿಗೆ ಎಲ್ಲರ ಮನೆಯ ಗುಟ್ಟೂ ಗೊತ್ತಿರುತ್ತದೆ. ಒಂದು ಮನೆಯದನ್ನು ಇನ್ನೊಂದು ಮನೆಗೆ ಹೊತ್ತು ಹಾಕಿದರೆ ಮಾರನೆಯ ದಿನದಿಂದ ಅವನ ಜಗಲಿಗೆ ಯಾರೂ ಹತ್ತುವುದಿಲ್ಲ. ಓದು ಬರಹ ಕಡಿಮೆಯಿದ್ದ ನನ್ನ ತಾತನಿಗೂ ಇಷ್ಟು ಗೊತ್ತಿತ್ತು.

ಈಗ ನಡೆದದ್ದು ಕೇಳಿ. ಗಂಡಸಿ ಊರಿನ ರುಕ್ಮಿಣಮ್ಮ ಮಗಳು ಹೇಮಾಶ್ರೀಯನ್ನು ಕರೆದುಕೊಂಡು ಬಂದರು. ಹುಡುಗಿಗೆ ಚಿಕ್ಕಂದಿನಿಂದ ಫಿಟ್ಸ್, ಮಾತ್ರೆಯಿಂದ ಹತೋಟಿಯಲ್ಲಿದೆ. ಮಧ್ಯಾಹ್ನ ಹಳೇಬೀಡಿನಿಂದ ಗಂಡಿನವರು ಜಾತಕ ಕೂಡಿಸಲು ಬರುವವರಿದ್ದರು. ಒಂದೇ ಓಡಾಟದಲ್ಲಿ ಎರಡೂ ಕೆಲಸ ಮುಗಿಯಲಿ ಎಂದು ಮೊದಲು ನಿಮ್ಮ ಪುಟದಲ್ಲಿ ಫಿಟ್ಸ್ ತಪಾಸಣೆಗೆ ದಿನ ಗೊತ್ತುಮಾಡಿಸಿದರು. ಗಂಡಿನವರಿಗೆ ವಿಷಯ ತಿಳಿಸಿದ್ದೀರಾ ಎಂದು ತಾಯಿಯನ್ನು ಕೇಳಿದೆ. ಉತ್ತರ ಕೊಟ್ಟವಳು ಮಗಳು.

“ಜಾತಕ ಕೂಡಿದ್ಮೇಲೆ ನಮ್ಮಿಬ್ರನ್ನ ಒಂದ್ಗಳಿಗೆ ಮಾತಾಡಕ್ಕೆ ಬಿಡ್ತಾರಲ್ಲ ಅಯ್ನೋರೆ, ಆಗ ನಾನೇ ಹೇಳ್ತೀನಿ. ಕದ್ದುಮುಚ್ಚಿ ಮದ್ವೆ ಆಗಕ್ಕೆ ನಂಗಿಷ್ಟ ಇಲ್ಲ.”

ಈ ಹುಡುಗಿಯನ್ನು ಕಂಡು ನನಗೆ ಹೆಮ್ಮೆಯೆನಿಸಿತು. ಗಂಡಿನವರು ಬಂದರು: ಹಾರ್ಡ್‌ವೇರ್ ಅಂಗಡಿಯ ಮೋಹನ್‌ಕುಮಾರ್, ಜೊತೆಗೆ ಸೋದರಮಾವ ಮರಿಯಣ್ಣ. ಎಂದಿನಂತೆ ಪರದೆ ತಿರುಗಿಸಿದೆ. ಕುಂಡಲಿ ಮೂಡಿತು. ಅದರ ಪಕ್ಕದಲ್ಲಿ ಜಾಹೀರಾತುಗಳು: ‘ಫಿಟ್ಸ್‌ಗೆ ಶಾಶ್ವತ ಪರಿಹಾರ’, ಕೆಳಗೆ ‘ಮೂರ್ಛೆ ರೋಗವಿದ್ದವರು ಮದುವೆಯಾಗಬಹುದೇ?’. ಮರಿಯಣ್ಣ ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದರು.

“ಇದ್ಯಾಕೆ ಬತ್ತಾ ಐತೆ ಇಲ್ಲಿ? ಯಾರಿಗ್ರೀ ಫಿಟ್ಸು?”

ನನಗೇ ಎಂದು ಸುಳ್ಳು ಹೇಳಿಬಿಡೋಣ ಎಂದುಕೊಳ್ಳುವಷ್ಟರಲ್ಲಿ ರುಕ್ಮಿಣಮ್ಮ ಬಾಯಿಗೆ ಸೆರಗು ಹಿಡಿದು ಅಳುತ್ತಿದ್ದರು. ಹೇಮಾಶ್ರೀ ತಲೆಯೆತ್ತಿ “ನಂಗೆ” ಎಂದಳು. ಕಾಯಿಲೆ ಮುಚ್ಚಿಟ್ಟು ಹೆಣ್ಣು ದಾಟಿಸಲು ಬಂದಿದ್ದೀರಿ ಎಂದು ಮರಿಯಣ್ಣ ಎದ್ದರು. ಹುಡುಗ ಮೆಟ್ಟಿಲಲ್ಲಿ ನಿಂತು ಒಮ್ಮೆ ತಿರುಗಿ ನೋಡಿದ, ಹೋದ. ಜಾತಕ ಚೆನ್ನಾಗಿಯೇ ಕೂಡಿತ್ತು.

ಅವಳೇ ಹೇಳಿದ್ದರೆ ಅವನು ಒಪ್ಪುತ್ತಿದ್ದನೋ ಇಲ್ಲವೋ, ಯಾವ ಗ್ರಹವೂ ನನಗೆ ತಿಳಿಸಿಲ್ಲ. ಆದರೆ ಅವಳು ಹೇಳಿದ್ದರೆ ಅವಳು ಪ್ರಾಮಾಣಿಕಳು. ಅದೇ ಸತ್ಯವನ್ನು ನಿಮ್ಮ ಪುಟ ಮೊದಲು ಹೇಳಿದ್ದರಿಂದ ಇಂದು ಗಂಡಸಿಯಿಂದ ಹಳೇಬೀಡಿನವರೆಗೆ ಅವಳು ಮೋಸಗಾತಿ. ಈ ವ್ಯತ್ಯಾಸ ತಮ್ಮ ಕಚೇರಿಯ ಯಾವ ವಿಭಾಗಕ್ಕಾದರೂ ಅರ್ಥವಾದೀತೇ?

ನಡೆದದ್ದು ಹೇಗೆಂದು ತಿಳಿಸಿದವಳು ಅರಸೀಕೆರೆಯ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ನನ್ನ ಅಣ್ಣನ ಮಗಳು ವಿಭಾ. ಬ್ರೌಸರಿಗೆ ಆ ತಡೆಯ ಸಾಧನ, ಅಂದರೆ ಒಂದು ಎಕ್ಸ್‌ಟೆನ್ಶನ್ ಹಾಕಿ ನಿಮ್ಮ ಪುಟ ತೆರೆದಳು. ಯಾರು ಯಾವ ಪುಟ ನೋಡಿದರೆಂದು ಹಿಂಬಾಲಿಸಿ, ಬೇರೆ ಪುಟ ತೆರೆದಾಗಲೂ ಅದಕ್ಕೆ ತಕ್ಕ ಜಾಹೀರಾತು ತೋರಿಸುವ ಟ್ರ್ಯಾಕರುಗಳನ್ನು ಅದು ತಡೆಯುತ್ತದೆ, ಹೆಸರು ಹಿಡಿದು ತೋರಿಸುತ್ತದೆ. ಸರ್ಕಾರದ ಲಾಂಛನದ ಕೆಳಗೆ ಜಾಹೀರಾತು ಕಂಪನಿಗಳು ಸಾಲಾಗಿ ನಿಂತಿದ್ದವು, ಪ್ರಸಾದಕ್ಕೆ ನಿಂತ ಹಾಗೆ. ಆ ಎಕ್ಸ್‌ಟೆನ್ಶನ್ ಓಪನ್ ಸೋರ್ಸ್. ಒಳಗೇನಿದೆ ಎಂದು ಯಾರು ಬೇಕಾದರೂ ತೆರೆದು ಓದಬಹುದು. ಬರೆದವರು ಯಾವ ಊರಿನವರೋ, ನನ್ನಿಂದ ಕಾಸನ್ನೂ ಕೇಳಲಿಲ್ಲ, ಹೆಸರನ್ನೂ ಕೇಳಲಿಲ್ಲ. ಸಂಬಳ ತೆಗೆದುಕೊಳ್ಳುವ ತಮಗೆ ನಾನು ದೂರು ಕೊಟ್ಟರೆ, ‘ನಾಗರಿಕರ ಅನುಭವವನ್ನು ಉತ್ತಮಪಡಿಸಲು ಈ ವ್ಯವಸ್ಥೆ’ ಎಂದು ಉತ್ತರ ಬಂತು. ಹೇಮಾಶ್ರೀಯ ಅನುಭವ ಸಾಕಷ್ಟು ಉತ್ತಮವಾಗಿದೆ, ಸ್ವಾಮಿ. ಇನ್ನು ಉತ್ತಮಪಡಿಸಬೇಡಿ.

ಮೊನ್ನೆ ಅವಳ ಮಾತ್ರೆ ಮುಗಿಯುತ್ತ ಬಂದಿತ್ತು. ದಿನ ಗೊತ್ತುಮಾಡಲು ಕೂತರೆ ‘ತಡೆ ತೆಗೆಯಿರಿ’. ಪಕ್ಕದಲ್ಲಿ ಕೂತಿದ್ದ ಅವಳೇ, “ತೆಗೀರಿ ಅಯ್ನೋರೆ, ಮುಚ್ಚಕ್ಕೆ ಇನ್ನೇನೈತೆ” ಎಂದಳು. ತೆಗೆದೆ. ಅಷ್ಟು ಹೇಸಿಗೆಯ ಕೆಲಸ ನಾನು ಈ ಜಗಲಿಯಲ್ಲಿ ಬೇರೊಂದು ಮಾಡಿಲ್ಲ.

ಆದ್ದರಿಂದ ನನ್ನ ಒತ್ತಾಯವಿಷ್ಟೆ. ರೋಗಿಗಳು ತೆರೆಯುವ ಪುಟಗಳಿಂದ ಆ ಕಂಪನಿಗಳನ್ನು ಇಂದೇ ಹೊರಗೆ ಹಾಕಿ. ತಡೆ ಹಾಕಿಕೊಂಡವರಿಗೂ ಸೇವೆ ಕೊಡಿ. ರುಕ್ಮಿಣಮ್ಮನ ಮನೆಗೆ ಲಿಖಿತ ಕ್ಷಮೆ ಕಳಿಸಿ. ಅದನ್ನು ಹಳೇಬೀಡಿಗೆ ನಾನೇ ಒಯ್ದು ಗಟ್ಟಿಯಾಗಿ ಓದುತ್ತೇನೆ.

ಕೊನೆಯದಾಗಿ, ಇಲ್ಲಿ ಅವಳ ಹೆಸರು ಬರೆಯುವ ಮುಂಚೆ ಬರೆಯಲೇ ಎಂದು ಅವಳನ್ನು ಕೇಳಿದೆ. ಅವಳು ಹೇಳಿದಳು: “ಬರೀರಿ. ನೀವಾದ್ರೂ ಕೇಳಿದ್ರಿ.”

ಇಂತಿ,
ಪರದೆಯನ್ನು ಈಗ ಗೋಡೆಯ ಕಡೆಗೆ ತಿರುಗಿಸಿಕೊಂಡು ಕೂರುವ
ಸುಂದರರಾಜ, ಬಾಣಾವರ