ಒಲೆಗೆಂದು ಬರೆಸಿದ ಡೀಸೆಲ್

ಅಕ್ಕಾ,

ಬರ್ಮಿಂಗ್‌ಹ್ಯಾಮ್ ದಾಟಿ ಹೆಸರೂ ಗೊತ್ತಿಲ್ಲದ ಒಂದು ಕಾಲುವೆಯಲ್ಲಿ ನಮ್ಮ ಮನೆದೋಣಿ ಕಟ್ಟಿದ್ದೇವೆ. ನೀರು ಹೆಪ್ಪುಗಟ್ಟಿದೆ, ಡೀಸೆಲ್ ಮಾರುವ ದೋಣಿ ಅದನ್ನು ಗಾಜಿನಂತೆ ಒಡೆದುಕೊಂಡು ಬಂತು.

"ಎಂಜಿನ್ನಿಗೆಷ್ಟು, ಒಲೆಗೆಷ್ಟು?" ಎಂದು ಮಾರುವವನು ಕೇಳಿದ. ದೋಣಿಯನ್ನು ಬೆಚ್ಚಗಿಡುವ ಒಲೆಗೆ ಸುಡುವ ಡೀಸೆಲ್ಲಿಗೆ ತೆರಿಗೆ ಕಡಿಮೆಯಲ್ಲವೇ, ನಮ್ಮ ಯಜಮಾನ ಡೆರಿಕ್ "ಪೂರ್ತಿ ಒಲೆಗೇ ಕಣಪ್ಪ, ದೋಣಿ ಅಲ್ಲಾಡೋದೇ ಇಲ್ಲ" ಎಂದು ಬರೆಸಿ ಸಹಿ ಹಾಕಿಬಿಟ್ಟ. ಆದರೆ ಎಲ್ಲೂ ನೆಲೆ ನಿಲ್ಲದೆ ಸಾಗುತ್ತಲೇ ಇರುತ್ತೇವೆಂದು ಕಾಲುವೆ ಕಚೇರಿಗೆ ಬರೆದುಕೊಟ್ಟೇ ನಾವು ಪರವಾನಗಿ ಪಡೆದದ್ದು! ಈಗ ಇಬ್ಬರು ಅಧಿಕಾರಿಗಳು ದೋಣಿಗಳ ನಂಬರ್ ಬರೆದುಕೊಳ್ಳುತ್ತಾ ದಡದಲ್ಲಿ ಬರುತ್ತಿದ್ದಾರೆ. ತೆರಿಗೆಯವರಾದರೆ ದೋಣಿ ನಿಂತಿರಬೇಕು, ಕಾಲುವೆಯವರಾದರೆ ಸಾಗುತ್ತಿರಬೇಕು; ಯಾರೆಂದು ತಿಳಿಯದು.

"ಎಂಜಿನ್ ಶುರು ಮಾಡ್ಲಾ, ಬೇಡ್ವಾ?" ಎಂದು ಡೆರಿಕ್ ಪಿಸುಗುಟ್ಟುತ್ತಿದ್ದಾನೆ. ಏನು ಹೇಳಲಿ, ಅಕ್ಕಾ? ಬಾಗಿಲು ಬಡಿದರು.

ನಿನ್ನ ವಿನ್ನಿ