ತಾರಸಿ ಗೋಡೆಯ ಮೇಲಿನ ಬೆರಳುಗಳು

ಅತ್ತಿಗೆಗೆ ನಮಸ್ಕಾರ.

ಅಣ್ಣ ತಾರಸಿಯಿಂದ ಬಿದ್ದ ಜಾಗದ ಬೆರಳಚ್ಚು ವರದಿ ಇಂದು ಬಂತು. ನಮ್ಮದೇ ಪ್ರಯೋಗಾಲಯವಾದರೂ, ಒಡಹುಟ್ಟಿದವನೆಂದು ನನ್ನನ್ನು ಆ ಕೆಲಸದಿಂದ ದೂರವಿಟ್ಟಿದ್ದರು. ಅದನ್ನು ಮಾಡಿದವಳು ನನ್ನ ಪಕ್ಕದ ಮೇಜಿನವಳು. "ಒರಟು ಸಿಮೆಂಟು, ಏನೂ ಸಿಗಲ್ಲ, ಬಿಟ್ಬಿಡಮ್ಮ" ಎಂದು ಹಿರಿಯರು ಅಂದರೂ ಅವಳು ಬಿಡಲಿಲ್ಲ. ತಾರಸಿ ಅಂಚಿನ ಗಿಡ್ಡ ಗೋಡೆಯ ಮೇಲ್ಭಾಗಕ್ಕೆ ಪುಡಿ ಸವರಿ, ಮೇಲೆ ರಬ್ಬರಿನಂತೆ ಗಟ್ಟಿಯಾಗುವ ಅಂಟು ಬಳಿದು, ಒಣಗಿದ ಮೇಲೆ ಸಿಪ್ಪೆಯಂತೆ ಸುಲಿದು ತೆಗೆದಳು.

ಎರಡೂ ಕೈಗಳ ಬೆರಳು ಮೂಡಿವೆ. ತುದಿಗಳು ತಾರಸಿಯ ಕಡೆಗಿವೆ. ಅಂದರೆ ಅಣ್ಣ ಹೊರಗೆ ನೇತಾಡುತ್ತ ಗೋಡೆಯನ್ನು ಹಿಡಿದಿದ್ದ. ಒಮ್ಮೆ ಜಾರಿ, ಮತ್ತೆ ಹಿಡಿದಿದ್ದಾನೆ.

ಕಾಲು ತಪ್ಪಿತೋ, ತಾನೇ ಹಾರಿದನೋ, ಗುರುತು ಹೇಳುವುದಿಲ್ಲ, ನಾನೂ ಹೇಳಲಾರೆ. ಆಡುವವರ ಬಾಯಿಗೆ ಬೀಗವಿಲ್ಲ, ಆಡಿಕೊಳ್ಳಲಿ.

ವರದಿಯ ಪ್ರತಿ ಪಡೆಯಲು ನಿಮ್ಮ ಸಹಿ ಬೇಕು, ಸೋಮವಾರ ಬನ್ನಿ. ಊಟ ನಮ್ಮಲ್ಲೇ.

ಮೊನ್ನೆ ನಿಮ್ಮ ಮಗಳು ನನ್ನನ್ನು ಕೇಳಿದಳು, "ಚಿಕ್ಕಪ್ಪ, ಅಪ್ಪಂಗೆ ನಾವು ಬೇಡವಾಗಿದ್ವಾ?" ಆಗ ನಾನು ಮಾತು ಮರೆಸಿದೆ. ಈಗ ನೀವೇ ಹೇಳಿಬಿಡಿ: ಅಪ್ಪ ಮೇಲಕ್ಕೆ ಬರಲು ನೋಡಿದ, ಕೈ ಸೋತಿತು.

ನಿಮ್ಮ ಮೈದುನ