ವಾರಕ್ಕೆ ಮೂರು ಸೋಮವಾರ

ಹೊಳವನಹಳ್ಳಿ
10-12-2025

ಮುದ್ದಿನ ಸೊಸೆ ಲೋಹಿತಾಗೆ ನಿನ್ನ ಅತ್ತೆಯ ತುಂಬು ಮನಸ್ಸಿನ ಆಶೀರ್ವಾದ.

ಹೇಗಿದ್ದೀಯಮ್ಮ? ಧಾರವಾಡದ ಚಳಿಗೆ ಕೆಮ್ಮು ಹೆಚ್ಚಿಲ್ಲ ತಾನೆ? ಹಾಸ್ಟೆಲ್ಲಿನ ಊಟ ಸೇರದಿದ್ದರೆ ನಾನು ಕಳಿಸಿದ ಚಟ್ನಿಪುಡಿಗೆ ತುಪ್ಪ ಹಾಕಿಕೊಂಡು ತಿನ್ನು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಭವ್ಯಳಿಗೆ ಈಗ ಜಡೆ ಹಾಕುವುದು ಅವಳಪ್ಪ ಪ್ರಭುವೇ. ಜಡೆ ಒಂದು ಕಡೆಗೆ ವಾಲಿರುತ್ತದೆ, ನಿನ್ನ ಮಗಳು ಅದರಲ್ಲೇ ಮೆರೆಯುತ್ತಾಳೆ. ಫೋನಿನಲ್ಲಿ ನೀನೂ ಅಳುತ್ತೀಯ, ನಾನೂ ಅಳುತ್ತೇನೆ, ಮಾತು ಮುಗಿಯುವುದೇ ಇಲ್ಲ. ಅದಕ್ಕೇ ಈ ಕಾಗದ. ‘ಪಿಎಚ್.ಡಿ. ಬಿಟ್ಟು ಬಂದ್ಬುಡ್ತೀನಿ, ನೀವು ಒಲೆ ಮುಂದೆ ನಿಂತಿರೋದು ನೋಡಿ ಅತ್ತೆ ಎಷ್ಟು ನೊಂದ್ಕೊಂಡವ್ರೋ’ ಎಂದು ಮೊನ್ನೆ ಪ್ರಭುವಿಗೆ ಹೇಳಿದೆಯಂತೆ.

ನೊಂದುಕೊಂಡಿದ್ದು ನಿನ್ನ ಮಾವ ಕಣಮ್ಮ, ನಾನಲ್ಲ. ನೀನು ಓದು ಮುಗಿಸಲಿ ಎಂದು ಪ್ರಭು ತನ್ನ ಯೂನಿವರ್ಸಿಟಿಯಲ್ಲಿ ತಾನೇ ಕೇಳಿಕೊಂಡು, ಈ ಒಂದು ವರ್ಷ ವಾರಕ್ಕೆ ಮೂರೇ ದಿನ, ಅರ್ಧ ಸಂಬಳಕ್ಕೆ ಪಾಠ ಮಾಡುತ್ತಿದ್ದಾನೆ ಎಂದು ಎಷ್ಟು ಹೇಳಿದರೂ ಅವರ ತಲೆಗೆ ಹೋಗಿರಲಿಲ್ಲ. ಹೋದ ಸೋಮವಾರ ಊರವರೆಲ್ಲ ತುಮಕೂರು ಬಸ್ಸು ಹತ್ತುವ ಹೊತ್ತಿಗೆ ಇವನು ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದ. ಮಗನನ್ನು ಸಸ್ಪೆಂಡ್ ಮಾಡಿದ್ದಾರೆ, ನಾಚಿಕೆಗೆ ಮುಚ್ಚಿಡುತ್ತಿದ್ದಾನೆ ಎಂದು ನಿನ್ನ ಮಾವ ತೀರ್ಮಾನಿಸಿ, ಯಾರಿಗೂ ಹೇಳದೆ ಕಳ್ಳಂಬೆಳ್ಳಕ್ಕೆ ಹೋದರು. ಅಲ್ಲಿ ದೊಡ್ಡವರ ಪರಿಚಯವಿರುವ ನಮ್ಮ ನೆಂಟ ಹಾಲೇಶಪ್ಪನ ಕೈ ಹಿಡಿದು, ‘ಹೆಂಗಾದ್ರೂ ಮಾಡಿ ಹುಡುಗನ್ನ ವಾಪಸ್ ಕೆಲಸಕ್ಕೆ ಸೇರಿಸ್ಬುಡಪ್ಪಾ’ ಎಂದು ಬೇಡಿಕೊಂಡರಂತೆ. ಹಾಲೇಶಪ್ಪ ಪ್ರಭುವಿಗೇ ಫೋನು ಮಾಡಿ ಧೈರ್ಯ ಹೇಳಿದ! ಆಮೇಲೆ ಮನೆಯಲ್ಲಿ ಅಪ್ಪ ಮಗನಿಗೆ ಜಟಾಪಟಿ. ಕೊನೆಗೆ ಪ್ರಭು, ‘ಅಪ್ಪಾ, ಸೋಮವಾರ ಎತ್ತಿನ ಮೇಲೆ ನೊಗ ಇಡ್ತೀಯಾ?’ ಎಂದ. ‘ಶಿವಶಿವಾ, ಬಸವಣ್ಣನ ದಿನ ಯಾರಾದ್ರೂ ಇಡ್ತಾರೇನ್ಲಾ?’ ‘ಅಂಗಂತ ಎತ್ತನ್ನ ಸಸ್ಪೆಂಡ್ ಮಾಡಿದ್ಯಾ?’ ನಿನ್ನ ಮಾವ ಮೀಸೆಯಲ್ಲೇ ನಕ್ಕರು. ಈಗ ಯಾರು ಕೇಳಿದರೂ, ‘ನಮ್ಮುಡುಗನ್ಗೆ ವಾರಕ್ಕೆ ಮೂರು ಸೋಮವಾರ ಕಣಯ್ಯ’ ಎನ್ನುತ್ತಾರೆ.

ಪ್ರಭುವಿನ ಸಾರಿಗೆ ಉಪ್ಪು ಜಾಸ್ತಿ. ಹೇಳಿದರೆ ಮೇಷ್ಟ್ರಿಗೆ ಕೋಪ, ಅದಕ್ಕೆ ಸುಮ್ಮನೆ ನೀರು ಬೆರೆಸಿಕೊಂಡು ಉಣ್ಣುತ್ತೇವೆ. ಬೆಚ್ಚಗಿರು, ಹೊತ್ತುಹೊತ್ತಿಗೆ ತಿನ್ನು. ಶಿವ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅತ್ತೆ,
ನಾಗರತ್ನಮ್ಮ

ತಾ.ಕ.: ಹೇಳಬೇಕಾದದ್ದನ್ನೇ ಬಿಟ್ಟಿದ್ದೆ, ಭವ್ಯ ಬರುವುದರೊಳಗೆ ಬರೆದುಬಿಡುತ್ತೇನೆ. ಪ್ರಭು ಹೈಸ್ಕೂಲಿಗೇ ಹಾಸ್ಟೆಲ್ ಸೇರಿದವನು. ಆಮೇಲೆ ಓದು, ನೌಕರಿ. ಬೆಳಗಾಗುವ ಮುಂಚೆ ಬಸ್ಸು, ಕತ್ತಲಾದ ಮೇಲೆ ಮನೆ. ಹೆತ್ತ ಮಗ ಊಟಕ್ಕೆ ಬರುವ ನೆಂಟನಾಗಿದ್ದ. ಈಗ ಮಧ್ಯಾಹ್ನ ಅವನು ಬಡಿಸುತ್ತಾನೆ, ನಾನು ಕೂತು ಉಣ್ಣುತ್ತೇನೆ, ಇಬ್ಬರೂ ಹೊಟ್ಟೆ ತುಂಬ ಹರಟುತ್ತೇವೆ. ನೀನು ಬಿಟ್ಟು ಬಂದರೆ ಅವನು ಮತ್ತೆ ಆರು ದಿನವೂ ಬಸ್ಸು ಹತ್ತುತ್ತಾನೆ. ನಿನ್ನ ಓದಿಗಾಗಿ ಅತ್ತೆ ತ್ಯಾಗ ಮಾಡುತ್ತಿದ್ದಾಳೆ ಎಂದುಕೊಳ್ಳಬೇಡ. ಪೂರ್ತಿ ವರ್ಷ ಅಲ್ಲೇ ಇದ್ದು ಥೀಸಿಸ್ ಬರೆ ತಾಯಿ, ನನ್ನ ಮಗನನ್ನು ಇಷ್ಟು ಬೇಗ ಕಿತ್ತುಕೊಳ್ಳಬೇಡ.